ಕ್ಲೈಮೇಟ್‌ಗೇಟ್: ಡೇಟಾ ಮುಚ್ಚಿಟ್ಟರೆ ಯಾರಿಗೆ ಲಾಭ?

ಏನಿದು?
2009ರ ನವೆಂಬರ್‌ನಲ್ಲಿ ಯಾರೋ ಬ್ರಿಟನ್ನಿನ ಈಸ್ಟ್ ಆಂಗ್ಲಿಯಾ ವಿವಿಯ ಹವಾಮಾನ ಸಂಶೋಧನಾ ಘಟಕದ ಸರ್ವರ್‌ಗೆ ಕನ್ನ ಹಾಕಿ, ಸಾವಿರಕ್ಕೂ ಹೆಚ್ಚು ಇಮೇಲ್‌ಗಳನ್ನು ಹರಿಬಿಟ್ಟರು. ಕೋಪನ್‌ಹೇಗನ್ ಹವಾಮಾನ ಶೃಂಗಸಭೆಗೆ ಆಗ ಕೆಲವೇ ವಾರ ಬಾಕಿ. ಒಂದು ಇಮೇಲ್‌ನಲ್ಲಿದ್ದ ‘ಟ್ರಿಕ್’ ಎಂಬ ಪದ ಹಿಡಿದುಕೊಂಡು, ಭೂಮಿ ಬಿಸಿಯಾಗ್ತಿದೆ ಅನ್ನೋದೇ ಸುಳ್ಳು ಅಂತ ಪ್ರಚಾರ ಶುರುವಾಯ್ತು. ಸಂಶೋಧಕರ ಮಾತಿನಲ್ಲಿ ಅದಕ್ಕೆ ಲೆಕ್ಕದ ಜಾಣ ವಿಧಾನ ಅಂತಷ್ಟೇ ಅರ್ಥ.

ತನಿಖೆ ಹೇಳಿದ್ದೇನು?
2010ರ ಜುಲೈನಲ್ಲಿ ಮ್ಯೂರ್ ರಸೆಲ್ ಸಮಿತಿ, ವಿಜ್ಞಾನಿಗಳ ಪ್ರಾಮಾಣಿಕತೆಯಲ್ಲಿ ಅನುಮಾನವಿಲ್ಲ ಎಂದಿತು. ಆದರೆ ಮಾಹಿತಿ ಕೇಳಿದವರ ಜೊತೆ ಮುಕ್ತವಾಗಿ ನಡೆದುಕೊಳ್ಳಲಿಲ್ಲ ಎಂದು ಟೀಕಿಸಿತು.

ಆಮೇಲೆ?
2011ರಲ್ಲಿ ಘಟಕವು 5,000ಕ್ಕೂ ಹೆಚ್ಚು ಹವಾಮಾನ ಕೇಂದ್ರಗಳ ತಾಪಮಾನ ದಾಖಲೆಯನ್ನು ಬಹಿರಂಗಪಡಿಸಿತು. 2018ರಲ್ಲಿ ರೀಡಿಂಗ್ ವಿವಿಯ ಎಡ್ ಹಾಕಿನ್ಸ್, ವರ್ಷಕ್ಕೊಂದರಂತೆ ನೀಲಿ-ಕೆಂಪು ಪಟ್ಟಿಗಳಲ್ಲಿ ಏರುತ್ತಿರುವ ತಾಪವನ್ನು ತೋರಿಸಿದರು. ಅಂಕಿ, ಅಕ್ಷರ ಏನೂ ಬೇಡ. ಭಾರತದ ಪಟ್ಟಿಗಳನ್ನೂ ಯಾರು ಬೇಕಾದರೂ ಉಚಿತವಾಗಿ ಡೌನ್‌ಲೋಡ್ ಮಾಡಿಕೊಳ್ಳಬಹುದು.

ಯಾಕೆ ಮುಖ್ಯ?
ರಸೆಲ್ ವರದಿ ಬಂದಾಗ ಕೋಪನ್‌ಹೇಗನ್ ಸಭೆ ಮುಗಿದು ಆರು ತಿಂಗಳು ದಾಟಿತ್ತು. ಸತ್ಯ ನಮ್ಮ ಕಡೆ ಇದ್ದರೆ ಸಾಲದು. ಕೇಳುವ ಮೊದಲೇ ಅದನ್ನು ಜನರ ಮುಂದಿಡಬೇಕು.