ಮೊಳೆಗಳು ಕಟ್ಟಿದ ಕನ್ನಡದ ಪುಟ

ಸೀಸದ ಅಚ್ಚಕ್ಷರಗಳನ್ನು, ಅಂದರೆ ಮೊಳೆಗಳನ್ನು, ಜೋಡಿಸಲು ಕೇಸಿನ ಮುಂದೆ ನಿಂತ ಕನ್ನಡದ ಕಂಪಾಸಿಟರನಿಗೆ ‘ಕ’ ಎಂದರೆ ಒಂದು ಮೊಳೆಯಲ್ಲಿ ಮುಗಿಯುವ ಮಾತಲ್ಲ. ತಲೆಕಟ್ಟಿನ ಕ ಕೇಸಿನ ಒಂದು ಮನೆಯಲ್ಲಿ, ಗುಡಿಸಿನ ಕಿ ಇನ್ನೊಂದು ಮನೆಯಲ್ಲಿ. ಕೊಂಬು, ದೀರ್ಘ, ಅರ್ಕಾವೊತ್ತು, ಒತ್ತಕ್ಷರಗಳಿಗೆಲ್ಲ ಮತ್ತೆ ಬೇರೆ ಬೇರೆ ಮನೆಗಳು. ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರ ಸೇರಿ 52. ಅಂಕಿ, ಚಿಹ್ನೆ ಕೂಡಿಸಿದರೂ ಎರಡು ಕೇಸಿಗೆ ಮುಗಿಯುತ್ತದೆ. ಕನ್ನಡಕ್ಕೆ ನೂರಾರು ಬಗೆಯ ಮೊಳೆ ಬೇಕು. ನಮ್ಮ ಮುದ್ರಣದ ಕಥೆಯನ್ನು ಪಾದ್ರಿಗಳ ಮತ್ತು ಪತ್ರಿಕೆಗಳ ಕಥೆಯಾಗಿ ಹೇಳುವುದು ರೂಢಿ. ಈ ಮೊಳೆಗಳ ಲೆಕ್ಕದಿಂದ ನೋಡಿದರೆ ಅದರ ತಿರುವುಗಳು ಇನ್ನೂ ಚೆನ್ನಾಗಿ ಅರ್ಥವಾಗುತ್ತವೆ ಎಂಬುದು ನನ್ನ ಅನುಭವ.

ಆರಂಭ ಕನ್ನಡನಾಡಿನಿಂದ ಬಹು ದೂರದಲ್ಲಿ ಆಯಿತು. ಪಾದ್ರಿ ವಿಲಿಯಂ ಕೇರಿ ಬರೆದ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು. ಅಲ್ಲಿ ಪಂಚಾನನ ಕರ್ಮಕಾರರು ಕಟ್ಟಿದ, ಅವರ ಅಳಿಯ ಮನೋಹರರು ಮುಂದುವರಿಸಿದ ಅಕ್ಷರ ಕೊರೆಯುವ ಪರಂಪರೆಯಿತ್ತು. ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ತಿರುವುಮುರುವಾಗಿ ಕೊರೆದು, ಅದನ್ನು ತಾಮ್ರದ ತುಂಡಿಗೆ ಒತ್ತಿ, ಆ ಗುಳಿಗೆ ಸೀಸ, ತವರ, ಆಂಟಿಮನಿಗಳ ಕಾದ ಮಿಶ್ರಣ ಹೊಯ್ದರೆ ಮೊಳೆ. ಸೀಸವೊಂದೇ ಆದರೆ ಒತ್ತಡಕ್ಕೆ ಬೇಗ ಸವೆಯುತ್ತದೆ. ಅದಕ್ಕೆ ಗಡಸುತನ ಕೊಡುವುದು ಆಂಟಿಮನಿ.

ನೂರಾರು ಬಗೆಯ ಮೊಳೆಗಳನ್ನು ಹೀಗೆ ಕೊರೆದು ಎರೆಯುವ ಬಂಡವಾಳ ಎಲ್ಲರಿಗೂ ಎಟಕುವಂಥದ್ದಾಗಿರಲಿಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1841ರಲ್ಲಿ ಶುರು ಮಾಡಿದ್ದು ಕಲ್ಲಚ್ಚು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’, ಅಂದರೆ ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನದೇ. ಕಲ್ಲಚ್ಚಿನಲ್ಲಿ ಎಷ್ಟು ಬಗೆಯ ಒತ್ತಕ್ಷರ ಬಂದರೂ ತೊಡಕಿಲ್ಲ. ಬರೆಯುವವನ ಕೈ ಬರೆದದ್ದೇ ಅಚ್ಚು. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ಮೊಳೆಯಚ್ಚಿಗೆ ಬದಲಾಯಿತು. ಆದರೆ ಮಂಗಳೂರಿನ ಕಲ್ಲು ಸುಮ್ಮನಿರಲಿಲ್ಲ. ಜೈಮಿನಿ ಭಾರತ, ದಾಸರ ಪದಗಳು ಮೊದಲಾದ ಹಳೆಯ ಕೃತಿಗಳು ಓಲೆಗರಿಯಿಂದ ಕಾಗದಕ್ಕೆ ಬಂದದ್ದು ಅದರ ಮೇಲಿಂದಲೇ.

ಮಂಗಳೂರಿಗೆ ಮೊಳೆಗಳು ಬಂದದ್ದು 1850ರ ದಶಕದಲ್ಲಿ. ಅಲ್ಲಿಂದ ನಾಲ್ಕು ದಶಕಗಳಲ್ಲಿ ಆ ಮುದ್ರಣಾಲಯ ಎಷ್ಟು ಪಳಗಿತೆಂಬುದಕ್ಕೆ 1894ರ ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಸಾಕ್ಷಿ. ಸುಮಾರು 70,000 ಶಬ್ದಗಳು, 1,700ಕ್ಕೂ ಹೆಚ್ಚು ಪುಟಗಳು. ಒಂದೇ ಸಾಲಿನಲ್ಲಿ ಕನ್ನಡದ ಶಬ್ದ, ಪಕ್ಕದಲ್ಲಿ ಚುಕ್ಕೆ ಗೆರೆಗಳ ರೋಮನ್ ಲಿಪಿ, ಇಂಗ್ಲಿಷ್ ಅರ್ಥ, ನಡುನಡುವೆ ಬಳಕೆಯಿಂದ ಬಿದ್ದುಹೋಗಿದ್ದ ೞ, ಱ. ಇವನ್ನೆಲ್ಲ ಒಂದೊಂದಾಗಿ ಕೈಯಲ್ಲಿ ಆಯ್ದು ಜೋಡಿಸಿದವರ ಹೆಸರು ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಇಲ್ಲ. ಕಿಟೆಲರ ಪಾಂಡಿತ್ಯಕ್ಕೆ ತಲೆಬಾಗುವ ನಾವು ಆ ಕೈಗಳಿಗೂ ಅಷ್ಟೇ ಋಣಿಗಳು.

ಈ ಕಂಪಾಸಿಟರರ ಕೆಲಸದ ಬಗೆಯನ್ನು ಸ್ವಲ್ಪ ನಿಂತು ನೋಡಬೇಕು. ಎಡಗೈಯಲ್ಲಿ ಸಾಲು ಕಟ್ಟುವ ಸ್ಟಿಕ್, ಕಣ್ಣು ಹಸ್ತಪ್ರತಿಯ ಮೇಲೆ, ಬಲಗೈ ನೋಡದೆಯೇ ಮನೆಗಳಿಗೆ ಹೋಗಿ ಬರಬೇಕು. ಮೊಳೆಯ ಮೇಲಿನ ಅಕ್ಷರ ಕನ್ನಡಿಯ ಬಿಂಬದಂತೆ ಇರುವುದರಿಂದ ಜೋಡಿಸುವವನು ಸಾಲನ್ನು ತಲೆಕೆಳಗಾಗಿ ಓದುತ್ತಾನೆ. ಸಾಲು ಸಡಿಲವಾದರೆ ಸ್ಪೇಸ್ ತುಂಬಿ ಬಿಗಿ ಮಾಡಿ, ಸಾಲುಗಳ ನಡುವೆ ಲೆಡ್ ಪಟ್ಟಿ ಇಟ್ಟು, ಗ್ಯಾಲಿ ಎಂಬ ತಟ್ಟೆಗೆ ಸಾಗಿಸಿ, ಕರಡು ತೆಗೆದು, ತಿದ್ದಿ, ಪುಟ ಕಟ್ಟಿ, ಚೇಸ್ ಎಂಬ ಚೌಕಟ್ಟಿನಲ್ಲಿ ಬಿಗಿದರೆ ಫಾರ್ಮು ಸಿದ್ಧ. ಅಚ್ಚಾದ ಮೇಲೆ ಅಷ್ಟೂ ಮೊಳೆಗಳನ್ನು ಬಿಚ್ಚಿ ಆಯಾ ಮನೆಗೆ ಹಿಂದಿರುಗಿಸಬೇಕು. ಒಂದು ಮೊಳೆ ಮನೆ ತಪ್ಪಿತೆಂದರೆ ಮುಂದಿನ ಪುಸ್ತಕದಲ್ಲಿ ಮುದ್ರಾರಾಕ್ಷಸ ಕಾದಿರುತ್ತಾನೆ.

ಇಡೀ ಪುಸ್ತಕವನ್ನು ಒಮ್ಮೆಗೇ ಜೋಡಿಸಿಡುವಷ್ಟು ಮೊಳೆ ಸಣ್ಣ ಅಚ್ಚುಕೂಟಗಳಲ್ಲಿ ಎಲ್ಲಿ ಬರಬೇಕು? ಒಂದು ಫಾರ್ಮು ಅಚ್ಚಾಗಿ ಬಿಚ್ಚಿದ ಮೇಲೆಯೇ ಇನ್ನೊಂದಕ್ಕೆ ಮೊಳೆ ಸಿಗುತ್ತಿತ್ತು. ಪುಸ್ತಕದ ಕೊನೆಗೆ ಬಂದಾಗ ಮೊದಲ ಪುಟಗಳ ತಪ್ಪು ಕಂಡರೆ ಒಪ್ಪೋಲೆ, ಅಂದರೆ ತಿದ್ದುಪಡಿಗಳ ಪಟ್ಟಿ, ಸೇರಿಸುವುದೊಂದೇ ದಾರಿ. ಮರುಮುದ್ರಣವೆಂದರೆ ಮೊದಲಿನಿಂದ ಮತ್ತೆ ಜೋಡಣೆ. ಹಳೆಯ ತಪ್ಪು ಹೋಗಿ ಹೊಸ ತಪ್ಪು ಸೇರುತ್ತಿತ್ತು. ಕನ್ನಡ ಕೃತಿಗಳ ಆವೃತ್ತಿಗಳನ್ನು ಹೋಲಿಸುವ ವಿದ್ವಾಂಸರು ಲೇಖಕರು ತಿದ್ದಿದ್ದೆಂದು ಬಗೆಯುವ ಎಷ್ಟೋ ವ್ಯತ್ಯಾಸಗಳು ಕೇಸಿನ ಮುಂದೆ ಹುಟ್ಟಿರಬಹುದು. ಪುಟದ ರೂಪವೂ ಇಲ್ಲೇ ನೆಲೆಗೊಂಡಿತು. ಓಲೆಗರಿಯಲ್ಲಿ ಪದಗಳು ಒಂದಕ್ಕೊಂದು ಅಂಟಿಕೊಂಡೇ ಸಾಗುತ್ತಿದ್ದವು. ಇಂದು ನಾವು ಸಹಜವೆಂದುಕೊಂಡಿರುವ ಪದಗಳ ನಡುವಿನ ಬಿಡುವು, ಅಲ್ಪವಿರಾಮ, ಉದ್ಧರಣ ಚಿಹ್ನೆ ಎಲ್ಲವೂ ಮುದ್ರಣದೊಡನೆ ರೂಢಿಯಾದವು.

ಇಪ್ಪತ್ತನೆಯ ಶತಮಾನದಲ್ಲಿ ಅಚ್ಚುಕೂಟ ಸಾಹಿತಿಗಳ ಮನೆಯಂಗಳಕ್ಕೇ ಬಂತು. ವಚನಗಳನ್ನು ಸಂಗ್ರಹಿಸಿದ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಆಮೇಲೆ ಅವರು ಇದ್ದ ಮನೆಯನ್ನೇ ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ಇಂದು ಮನೆಮನೆಯಲ್ಲಿರುವ ವಚನಗಳ ಹಿಂದೆ ಆ ಒಂದು ಮನೆ ಹೋದ ಕಥೆಯಿದೆ. ಪುತ್ತೂರಿನಲ್ಲಿ ಶಿವರಾಮ ಕಾರಂತರು ಹರ್ಷ ಮುದ್ರಣಾಲಯ ನಡೆಸಿದರು. ಊರೂರಿನಲ್ಲೂ ಒಂದು ಟ್ರೆಡಲ್ ಮುದ್ರಣಯಂತ್ರ, ನಾಲ್ಕು ಕೇಸು ಇದ್ದವು. ಮದುವೆ ಕಾಗದದಿಂದ ಯಕ್ಷಗಾನ ಪ್ರಸಂಗದವರೆಗೆ ಎಲ್ಲಕ್ಕೂ ಅವೇ ಗತಿ.

ಬದಲಾವಣೆ ಬಂದದ್ದು ಎರಡು ಹೆಜ್ಜೆಗಳಲ್ಲಿ. ಆಫ್‌ಸೆಟ್ ಬಂದು ಮೊಳೆಯನ್ನು ಮುದ್ರಣಯಂತ್ರದಿಂದ ಹೊರಗಿಟ್ಟಿತು. 1970ರಲ್ಲಿ ಮಣಿಪಾಲದಿಂದ ಹೊರಟ ‘ಉದಯವಾಣಿ’ ಕನ್ನಡ ದಿನಪತ್ರಿಕೆಗಳನ್ನು ಆ ದಾರಿಗೆ ತಂದಿತು. ಜೋಡಣೆಯನ್ನು ಬಿಡಿಸಿದ್ದು ಕಂಪ್ಯೂಟರ್. ಇಲ್ಲಿ ಕೆ. ಪಿ. ರಾವ್ ಅವರನ್ನು ನೆನೆಯಲೇಬೇಕು. ಮುದ್ರಣದ ಒಳಹೊರಗು ಬಲ್ಲ ಅವರು ‘ಸೇಡಿಯಾಪು’ ತಂತ್ರಾಂಶ ರೂಪಿಸಿದರು. ವ್ಯಂಜನಕ್ಕೊಂದು ಕೀಲಿ, ಸ್ವರಕ್ಕೊಂದು ಕೀಲಿ, ಕೂಡಿಸುವ ಹೊಣೆ ಯಂತ್ರದ್ದು: ಅವರ ಕೀಲಿಮಣೆಯ ಈ ತರ್ಕದಿಂದ ನೂರಾರು ಮನೆಗಳ ಕೇಸು ಇಂಗ್ಲಿಷಿನ ಸಾಮಾನ್ಯ ಕೀಲಿಮಣೆಯಲ್ಲೇ ಅಡಗಿತು. ಕನ್ನಡದ ‘ನುಡಿ’ ತಂತ್ರಾಂಶದ ಕೀಲಿಮಣೆಗೂ ಅದೇ ಬುನಾದಿ. ಕೇರಿಯ ಕಾಲದಿಂದ ಕಾಡಿದ ಲೆಕ್ಕ ಬಗೆಹರಿದದ್ದು ಹೀಗೆ.

ಮೊಳೆಗಳು ಮಾತ್ರ ಅನಾಥವಾದವು. ಸೀಸಕ್ಕೆ ಗುಜರಿಯಲ್ಲಿ ಬೆಲೆಯಿದೆ, ಅಕ್ಷರಕ್ಕಿಲ್ಲ. ಹಳೆಯ ಅಚ್ಚುಕೂಟ ಮುಚ್ಚುವವರಲ್ಲಿ ನನ್ನದೊಂದು ಕೋರಿಕೆ: ಕೇಸುಗಳನ್ನು ಕಿಲೋ ಲೆಕ್ಕದಲ್ಲಿ ತೂಗುವ ಮುನ್ನ ಪ್ರತಿಯೊಂದು ಅಳತೆಯ ಮೊಳೆಗಳಿಂದಲೂ ಒಂದು ಹಾಳೆ ಅಚ್ಚು ತೆಗೆದಿಡಿ. ಮೊಳೆಗಳ ಒಂದು ಪೂರ್ಣ ಜೊತೆಯನ್ನು ಹತ್ತಿರದ ವಿಶ್ವವಿದ್ಯಾಲಯಕ್ಕೋ ವಸ್ತುಸಂಗ್ರಹಾಲಯಕ್ಕೋ ಕೊಡಿ. ನಿಮ್ಮೂರಿನಲ್ಲಿ ಹಳೆಯ ಕಂಪಾಸಿಟರ್ ಒಬ್ಬರಿದ್ದರೆ ಅವರ ಬಳಿ ಕುಳಿತು, ಯಾವ ಮನೆಯಲ್ಲಿ ಯಾವ ಅಕ್ಷರವಿತ್ತೆಂದು ಕೇಳಿ ಬರೆದುಕೊಳ್ಳಿ.