ಟೂಸಾನ್ ಶಾಲೆಗಳ ಮೆಕ್ಸಿಕನ್-ಅಮೆರಿಕನ್ ಅಧ್ಯಯನವೂ 'ವ್ಯಕ್ತಿ' ಎಂಬ ವಿಚಾರವೂ

ಆಂಗ್ಲರ 'ರೇಸ್' ಎಂಬ ಶಬ್ದವನ್ನು ಕನ್ನಡದಲ್ಲಿ 'ಜನಾಂಗ' ಎಂದು ಅನುವಾದಿಸುವುದು ರೂಢಿಯಾಗಿದೆಯಾದರೂ, ನಮ್ಮ ಹಳ್ಳಿಯ ಹಿರಿಯರೊಬ್ಬರು 'ನಮ್ಮ ಜನಾಂಗದವರು' ಎಂದು ನುಡಿದಾಗ ಅವರ ಮನಸ್ಸಿನಲ್ಲಿ ಮೈಬಣ್ಣದ ವಿಚಾರವಾಗಲಿ ತಲೆಬುರುಡೆಯ ಅಳತೆಯಾಗಲಿ ಇರುವುದಿಲ್ಲ. ಕೊಟ್ಟು ತರುವ ಸಂಬಂಧವುಳ್ಳ, ಒಂದೇ ದೇವರಿಗೆ ಒಕ್ಕಲಾದ, ಮದುವೆ ಮಸಣಗಳೆರಡಕ್ಕೂ ಕೂಡಿ ಬರುವ ಜನ ಎಂಬುದಷ್ಟೇ ಆ ಮಾತಿನ ತಾತ್ಪರ್ಯ. ಮೆಕ್ಸಿಕೋ ದೇಶದ ಸ್ಪ್ಯಾನಿಷ್ ನುಡಿಯ 'ರಾಸಾ' ಎಂಬ ಶಬ್ದಕ್ಕೂ ಬಹುಮಟ್ಟಿಗೆ ಇದೇ ಗತಿ ಒದಗಿದೆ. ನಿಘಂಟಿನಲ್ಲಿ ಅದು 'ರೇಸ್' ಶಬ್ದದ ಸೋದರ. ಬಳಕೆಯಲ್ಲಿ 'ನಮ್ಮ ಜನ' ಎಂಬುದಕ್ಕೆ ಸಮಾನ. ಹೊಸೆ ವಾಸ್ಕೊನ್ಸೆಲೋಸ್ 1925ರಲ್ಲಿ ಪ್ರಕಟಿಸಿದ ತನ್ನ ಗ್ರಂಥದ ಹೆಸರಿನಲ್ಲಿ ಆ ಶಬ್ದವನ್ನಿರಿಸಿದಾಗ ಆತನು ಉದ್ದೇಶಿಸಿದ್ದುದು ಸರ್ವವರ್ಣಗಳ ಮಿಶ್ರಣದಿಂದ ಹುಟ್ಟತಕ್ಕ ಒಂದು ನೂತನ ಮಾನವಕುಲವನ್ನು. ಅಮೆರಿಕದ ಅರಿಜೋನಾ ಸಂಸ್ಥಾನದ ಟೂಸಾನ್ ನಗರದಲ್ಲಿ ಒಂದು ಪಾಠಕ್ರಮವನ್ನು ಕುರಿತು ನಡೆದ ವಿವಾದವನ್ನು ಪರಿಶೀಲಿಸಹೊರಟಿರುವ ಈ ಲೇಖನವು ಶಬ್ದಾರ್ಥವಿಚಾರದಿಂದ ಮೊದಲಾಗುವುದಕ್ಕೆ ಕಾರಣವುಂಟು: ಆ ಪಾಠಕ್ರಮವನ್ನು ನಡೆಸುತ್ತಿದ್ದ ವಿಭಾಗದ ಹೆಸರಿನಲ್ಲಿ 'ರಾಸಾ' ಎಂಬ ಪದವಿದ್ದಿತು, ಒಳಗಿನವರು ಅದನ್ನು 'ನಮ್ಮ ಜನ' ಎಂದು ಓದುತ್ತಿದ್ದರು, ಹೊರಗಿನವರು 'ರೇಸ್' ಎಂದು ಓದಿದರು, ಮುಂದೆ ಬಂದ ಕಲಹದ ಬೀಜವು ಬಹುಭಾಗ ಈ ಎರಡು ಓದುಗಳ ನಡುವಣ ಅಂತರದಲ್ಲಿಯೇ ಅಡಗಿದ್ದಿತು.

ಅಲ್ಲಿನ 'ಶಾಲಾ ಜಿಲ್ಲೆ' ಎಂಬುದನ್ನು ನಮ್ಮ ಕಂದಾಯ ಜಿಲ್ಲೆಯೊಡನೆ ಸಮೀಕರಿಸಲಾಗದು. ಅದು ಪ್ರಜೆಗಳಿಂದ ಚುನಾಯಿತವಾದ ಆಡಳಿತಮಂಡಲಿಯುಳ್ಳ, ಸ್ಥಳೀಯ ತೆರಿಗೆಯಿಂದಲೂ ಸಂಸ್ಥಾನದ ಅನುದಾನದಿಂದಲೂ ನಡೆಯತಕ್ಕ, ಏನನ್ನು ಹೇಗೆ ಬೋಧಿಸಬೇಕೆಂಬುದನ್ನು ಬಹುಮಟ್ಟಿಗೆ ತಾನೇ ನಿರ್ಣಯಿಸುವ ಸ್ವಾಯತ್ತ ಸಂಸ್ಥೆ. ಟೂಸಾನ್ ಏಕೀಕೃತ ಶಾಲಾ ಜಿಲ್ಲೆಯು ವ್ಯಾಪಿಸಿರುವ ನೆಲವಾದರೋ, 1775ರಲ್ಲಿ ಸ್ಪ್ಯಾನಿಷ್ ಸೈನಿಕರು ಕೋಟೆ ಕಟ್ಟಿದುದು, ಅದಕ್ಕೂ ಮುನ್ನ ಓಓಧಮ್ ಎಂಬ ಮೂಲನಿವಾಸಿ ಜನರು ಉತ್ತು ಬಾಳಿದುದು, ಅನಂತರ ಮೆಕ್ಸಿಕೋ ಗಣರಾಜ್ಯಕ್ಕೆ ಸೇರಿದುದು, ಗ್ಯಾಡ್ಸ್ಡನ್ ಕ್ರಯವೆಂದು ಪ್ರಸಿದ್ಧವಾದ, 1854ರಲ್ಲಿ ಸ್ಥಿರಗೊಂಡ ಒಪ್ಪಂದದಿಂದ ಅಮೆರಿಕದ ವಶಕ್ಕೆ ಬಂದುದು. ಆ ಊರಿನ ಎಷ್ಟೋ ಹಳೆಯ ಮನೆತನಗಳು ಗಡಿಯನ್ನು ದಾಟಿ ಬಂದವುಗಳಲ್ಲ. ಗಡಿಯೇ ಅವರ ಮನೆಯಂಗಳವನ್ನು ದಾಟಿ ದಕ್ಷಿಣಕ್ಕೆ ಸರಿಯಿತು.

ಇಂಥ ಮನೆಗಳ ಮಕ್ಕಳನ್ನು ಶಾಲೆಯು ಹೇಗೆ ಕಂಡಿತೆಂಬುದನ್ನು ಅರಿಯದೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ದಶಕಗಳ ಕಾಲ ಟೂಸಾನ್ ಶಾಲೆಗಳಲ್ಲಿ '1ಸಿ' ಎಂಬ ತರಗತಿಯೊಂದು ನಡೆಯಿತು. ಮನೆಯಲ್ಲಿ ಸ್ಪ್ಯಾನಿಷ್ ಆಡುವ ಮಗುವು ಎಷ್ಟೇ ಚುರುಕಾಗಿದ್ದರೂ ಒಂದನೆಯ ತರಗತಿಯ ನಿಜವಾದ ಹೊಸ್ತಿಲನ್ನು ತುಳಿಯುವ ಮೊದಲು ಅಲ್ಲಿ ಆಂಗ್ಲಭಾಷೆಯನ್ನು ಕಲಿಯುತ್ತ ಕುಳಿತಿರಬೇಕಾಗಿದ್ದಿತು. ಆದುದರಿಂದ ಓರಗೆಯವರಿಗಿಂತ ವಯಸ್ಸಿನಲ್ಲಿ ಹಿರಿದಾಗಿಯೂ ತರಗತಿಯಲ್ಲಿ ಕಿರಿದಾಗಿಯೂ ಬೆಳೆಯಬೇಕಾಗಿದ್ದಿತು. ಶಾಲೆಯ ಅಂಗಳದಲ್ಲಿ ತಾಯ್ನುಡಿ ಬಾಯಿಗೆ ಬಂದರೆ ದಂಡನೆಯಾಗುತ್ತಿದ್ದಿತು. ಟೂಸಾನಿನ ಉಪಾಧ್ಯಾಯರೇ ಕೆಲವರು ಕೂಡಿ ಇತರ ಸಂಸ್ಥಾನಗಳ ಶಾಲೆಗಳನ್ನೂ ಸಂದರ್ಶಿಸಿ ಸಿದ್ಧಪಡಿಸಿದ, 1966ರಲ್ಲಿ ರಾಷ್ಟ್ರೀಯ ಶಿಕ್ಷಣ ಸಂಘವು ಪ್ರಕಟಿಸಿದ ವರದಿಗೆ 'ಅಗೋಚರ ಅಲ್ಪಸಂಖ್ಯಾತರು' ಎಂಬ ಅರ್ಥದ ಹೆಸರನ್ನಿಟ್ಟುದು ಇದನ್ನೆಲ್ಲ ಕಂಡೇ. 1968ರ ದ್ವಿಭಾಷಾ ಶಿಕ್ಷಣ ಶಾಸನಕ್ಕೆ ದಾರಿ ಮಾಡಿದ ಬರಹಗಳಲ್ಲಿ ಅದೂ ಒಂದು. 1974ರಲ್ಲಿ ಕರಿಯ ಕುಟುಂಬಗಳೂ ಮೆಕ್ಸಿಕನ್ ಮೂಲದ ಕುಟುಂಬಗಳೂ ಜಿಲ್ಲೆಯು ಮಕ್ಕಳನ್ನು ಪ್ರತ್ಯೇಕಿಸುತ್ತಿದೆಯೆಂದು ನ್ಯಾಯಾಲಯದ ಮೊರೆಹೊಕ್ಕವು. 1978ರಲ್ಲಿ ಒಡಂಬಡಿಕೆಯಾಗಿ ಜಿಲ್ಲೆಯು ಫೆಡರಲ್ ನ್ಯಾಯಾಲಯದ ಮೇಲ್ವಿಚಾರಣೆಗೆ ಒಳಪಟ್ಟಿತು. 'ರಾಸಾ ಅಧ್ಯಯನ'ವೆಂದೂ ಹೆಸರಾಗಿದ್ದ ಮೆಕ್ಸಿಕನ್-ಅಮೆರಿಕನ್ ಅಧ್ಯಯನ ವಿಭಾಗವು 1998ರಲ್ಲಿ ಹುಟ್ಟಿದುದು ಈ ದೀರ್ಘವಾದ ಹಿನ್ನೆಲೆಯಲ್ಲಿ. ಸಾಹಿತ್ಯ, ಇತಿಹಾಸ, ಪೌರನೀತಿ, ಕಲೆ ಇವುಗಳನ್ನು ಮೆಕ್ಸಿಕನ್-ಅಮೆರಿಕನ್ನರ ಅನುಭವದ ಬೆಳಕಿನಲ್ಲಿ ಬೋಧಿಸುವುದು ಅದರ ಕ್ರಮ. ಯಾವ ಕುಲದ ವಿದ್ಯಾರ್ಥಿಯಾದರೂ ಸೇರಬಹುದಾಗಿದ್ದಿತು. ಸೇರಿದವರಲ್ಲಿ ಹೆಚ್ಚಿನವರು ಆ ಮನೆಗಳ ಮಕ್ಕಳೇ ಆಗಿದ್ದುದು ಸಹಜ.

ವಿವಾದದ ಕಿಡಿ ಸಿಡಿದುದು 2006ರಲ್ಲಿ. ಕೃಷಿಕಾರ್ಮಿಕರ ಸಂಘವನ್ನು ಸೀಸರ್ ಚಾವೇಸ್ ಅವರೊಡನೆ ಕಟ್ಟಿದ ಡೊಲೋರೆಸ್ ಹುಯೆರ್ತಾ ಅವರು ಟೂಸಾನ್ ಪ್ರೌಢಶಾಲೆಯಲ್ಲಿ ಭಾಷಣ ಮಾಡುತ್ತ, ರಿಪಬ್ಲಿಕನ್ ಪಕ್ಷದವರಿಗೆ ಲ್ಯಾಟಿನೋ ಜನರ ಮೇಲೆ ದ್ವೇಷವಿದೆಯೆಂಬ ಅರ್ಥದ ಮಾತೊಂದನ್ನಾಡಿದರು. ಒಂದು ಪಕ್ಷದವರೆಲ್ಲರನ್ನೂ ಒಂದೇ ಮಾತಿನಲ್ಲಿ ಕಟ್ಟಿಹಾಕುವ ಆ ನುಡಿಯು ಎಳೆಯರ ಮುಂದೆ ಆಡತಕ್ಕದ್ದಾಗಿರಲಿಲ್ಲವೆಂದೇ ನನ್ನ ಅಭಿಪ್ರಾಯ. ಅರಿಜೋನಾದ ಸಾರ್ವಜನಿಕ ಶಿಕ್ಷಣಾಧಿಕಾರಿಯಾಗಿದ್ದ ಟಾಮ್ ಹಾರ್ನ್ ಅವರು ಅದಕ್ಕೆ ಪ್ರತಿಯಾಗಿ, ಮೆಕ್ಸಿಕನ್ ಮೂಲದವರೂ ರಿಪಬ್ಲಿಕನ್ ಪಕ್ಷದವರೂ ಆದ ತಮ್ಮ ಉಪಾಧಿಕಾರಿಣಿ ಮಾರ್ಗರೆಟ್ ಗಾರ್ಸಿಯಾ ಡ್ಯೂಗನ್ ಅವರನ್ನು ಅದೇ ಶಾಲೆಗೆ ಕಳುಹಿಸಿದರು. ಇದರಲ್ಲಿ ತಪ್ಪೇನೂ ಇಲ್ಲ. ಮಾತಿಗೆ ಮಾತು ಉತ್ತರ. ಆದರೆ ಆ ಸಭೆಯಲ್ಲಿ ವಿದ್ಯಾರ್ಥಿಗಳಿಗೆ ಪ್ರಶ್ನಿಸುವ ಅವಕಾಶವಿಲ್ಲದೆ ಹೋಯಿತು. ಕೆಲವರು ಬಾಯಿಗೆ ಪಟ್ಟಿ ಅಂಟಿಸಿಕೊಂಡು, ಭಾಷಣಕಾರ್ತಿಗೆ ಬೆನ್ನು ತಿರುಗಿಸಿ ನಿಂತು, ಮುಷ್ಟಿಯನ್ನೆತ್ತಿ, ಮೌನವಾಗಿ ಸಭಾಂಗಣದಿಂದ ಹೊರನಡೆದರು. ಹಾರ್ನ್ ಅವರಿಗೆ ಅದರಲ್ಲಿ ಕಂಡುದು ಅವಿನಯ. ಮನೆಯಲ್ಲಿ ಕಲಿಯದ ಅವಿನಯವನ್ನು ಮಕ್ಕಳಿಗೆ ರಾಸಾ ಅಧ್ಯಯನದ ಉಪಾಧ್ಯಾಯರೇ ಕಲಿಸಿರಬೇಕೆಂದು ಅವರು ನಿಶ್ಚಯಿಸಿದರು. ಪ್ರಶ್ನೆ ಕೇಳಗೊಡದ ಸಭೆಯಲ್ಲಿ ಮೌನವೊಂದೇ ಪ್ರಶ್ನೆಯ ರೂಪವನ್ನು ತಾಳಬಹುದೆಂಬ ಇನ್ನೊಂದು ಓದು ಅವರಿಗೆ ತೋರಲಿಲ್ಲ. 2007ರಲ್ಲಿ ಅವರು ಟೂಸಾನಿನ ನಾಗರಿಕರಿಗೆ ಬಹಿರಂಗ ಪತ್ರ ಬರೆದು ಪಾಠಕ್ರಮವನ್ನು ನಿಲ್ಲಿಸಬೇಕೆಂದು ಕೇಳಿಕೊಂಡರು.

ಅವರ ವಾದವನ್ನು ಹಗುರವಾಗಿ ತಳ್ಳಿಹಾಕುವುದು ವಿದ್ವತ್ತಿನ ಲಕ್ಷಣವಲ್ಲ. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರು ವಾಷಿಂಗ್ಟನ್ನಿನಲ್ಲಿ ಭಾಷಣ ಮಾಡಿದ ಆ ಮಹಾಯಾತ್ರೆಯಲ್ಲಿ ತಾವೂ ನಡೆದವರೆಂದು ಹಾರ್ನ್ ಹೇಳಿಕೊಂಡಿದ್ದಾರೆ. ಹುಟ್ಟಿದ ಕುಲವು ಆಕಸ್ಮಿಕ, ಶೀಲವೂ ಜ್ಞಾನವೂ ಮಾತ್ರ ಗಣ್ಯ, ಆದುದರಿಂದ ಶಾಲೆಯು ಮಗುವನ್ನು ಪ್ರತ್ಯೇಕ ವ್ಯಕ್ತಿಯೆಂದು ಕಾಣಬೇಕೇ ಹೊರತು ಒಂದು ಕುಲದ ಅಂಶವೆಂದಲ್ಲ ಎಂಬುದು ಅವರ ನಿಲುವು. ಈ ತತ್ತ್ವವು ಶಾಸನರೂಪವನ್ನು ತಾಳಿ 2010ರ ಮೇ 11ರಂದು ರಾಜ್ಯಪಾಲೆ ಜಾನ್ ಬ್ರೂವರ್ ಅವರ ಅಂಕಿತವನ್ನು ಪಡೆಯಿತು. ವಲಸೆಗಾರರನ್ನು ಕುರಿತ ಕಠಿಣ ಶಾಸನವೊಂದಕ್ಕೆ ಆಕೆ ರುಜು ಹಾಕಿ ಆಗ ಮೂರು ವಾರಗಳೂ ಆಗಿರಲಿಲ್ಲ. ಸರಕಾರವನ್ನು ಉರುಳಿಸಲು ಪ್ರೇರಿಸುವ, ಒಂದು ಜನಾಂಗದ ಅಥವಾ ವರ್ಗದ ಮೇಲೆ ಅಸಮಾಧಾನವನ್ನು ಬೆಳೆಸುವ, ಮುಖ್ಯವಾಗಿ ಒಂದೇ ಕುಲದ ವಿದ್ಯಾರ್ಥಿಗಳಿಗೆಂದು ರಚಿತವಾದ, ವಿದ್ಯಾರ್ಥಿಯನ್ನು ವ್ಯಕ್ತಿಯಾಗಿ ಕಾಣುವುದರ ಬದಲು ಕುಲದ ಐಕಮತ್ಯವನ್ನು ಪ್ರತಿಪಾದಿಸುವ ಪಾಠಗಳನ್ನು ಅದು ನಿಷೇಧಿಸಿತು. ಉಲ್ಲಂಘಿಸಿದ ಜಿಲ್ಲೆಯ ಮಾಸಿಕ ಅನುದಾನದಲ್ಲಿ ಶೇಕಡಾ 10ರಷ್ಟನ್ನು ತಡೆಹಿಡಿಯಬಹುದೆಂದು ವಿಧಿಸಿತು. ಗತಕಾಲದ ದಬ್ಬಾಳಿಕೆಯನ್ನು ಬೋಧಿಸಲು ಅಡ್ಡಿಯಿಲ್ಲವೆಂಬ ವಾಕ್ಯವೂ ಅದರಲ್ಲಿಯೇ ಇದ್ದಿತು. ಜಿಲ್ಲೆಯಲ್ಲಿ ಕರಿಯರ, ಏಷ್ಯಾ ಮೂಲದವರ, ಮೂಲನಿವಾಸಿಗಳ ಅಧ್ಯಯನ ವಿಭಾಗಗಳೂ ಇದ್ದವು. ಶಾಸನದ ದಂಡವನ್ನು ಎತ್ತಿದುದು ಒಂದರ ಮೇಲೆ ಮಾತ್ರ. ಶಾಸನವು ಜಾರಿಗೆ ಬರುವ ಮುನ್ನಾದಿನವೇ, ಅಂದರೆ 2010ರ ಡಿಸೆಂಬರ್ 30ರಂದೇ, ಹಾರ್ನ್ ಅವರು ಉಲ್ಲಂಘನೆಯಾಗಿದೆಯೆಂಬ ನಿರ್ಣಯವನ್ನು ಬರೆದಿಟ್ಟರು.

ಅವರ ಸ್ಥಾನಕ್ಕೆ ಬಂದ ಜಾನ್ ಹಪೆಂಥಾಲ್ ಅವರು ಸ್ವತಂತ್ರ ಪರಿಶೀಲನೆಯೊಂದನ್ನು ಮಾಡಿಸಿದುದು ಈ ಇಡೀ ಪ್ರಕರಣದಲ್ಲಿ ನನ್ನ ಗಮನವನ್ನು ಅತ್ಯಂತ ಬಲವಾಗಿ ಸೆಳೆದ ಸಂಗತಿ. ಕ್ಯಾಂಬಿಯಮ್ ಎಂಬ ಸಂಸ್ಥೆಯ ಪರಿಶೀಲಕರು ತರಗತಿಗಳಲ್ಲಿ ಕುಳಿತರು, ಪಾಠಸಾಮಗ್ರಿಯನ್ನು ಓದಿದರು, ಉಪಾಧ್ಯಾಯರನ್ನೂ ವಿದ್ಯಾರ್ಥಿಗಳನ್ನೂ ಮಾತನಾಡಿಸಿದರು. ಕೆಲವು ಪಾಠಗಳಲ್ಲಿ ಏಕಪಕ್ಷೀಯವಾದ ಮಾತುಗಳಿವೆಯೆಂದೂ ಅವನ್ನು ತಿದ್ದತಕ್ಕದ್ದೆಂದೂ ಅವರು ಮರೆಮಾಚದೆ ಹೇಳಿದರು. ಆದರೆ ಶಾಸನದ ಉಲ್ಲಂಘನೆಗೆ ಕಣ್ಣಿಗೆ ಕಾಣತಕ್ಕ ಸಾಕ್ಷ್ಯವಿಲ್ಲವೆಂದು 2011ರ ಮೇ ತಿಂಗಳಿನಲ್ಲಿ ವರದಿ ಕೊಟ್ಟರು. ತಾನೇ ನೇಮಿಸಿದ ಪಂಚಾಯಿತರ ತೀರ್ಪನ್ನು ತಾನೇ ಬದಿಗೊತ್ತಿ ಅಧಿಕಾರಿಯು ಜೂನ್ ತಿಂಗಳಿನಲ್ಲಿ ಉಲ್ಲಂಘನೆಯಾಗಿದೆಯೆಂದೇ ಘೋಷಿಸಿದನು. ಪಾಠದಿಂದ ದ್ವೇಷ ಹುಟ್ಟುವುದೋ ಇಲ್ಲವೋ ಎಂಬುದು ಮಕ್ಕಳ ಮನಸ್ಸಿನಲ್ಲಿ ನಡೆಯತಕ್ಕ ಸಂಗತಿ. ಅದನ್ನು ಅರಿಯಲು ತರಗತಿಯೊಳಕ್ಕೆ ಹೋಗಿ ಕುಳಿತುಕೊಳ್ಳುವುದಲ್ಲದೆ ಅನ್ಯಮಾರ್ಗವಿಲ್ಲ. ಕುಳಿತು ನೋಡಿ ಬಂದವರ ಮಾತನ್ನು ಒಲ್ಲೆನೆನ್ನುವ ನೀತಿಯು ಶಿಕ್ಷಣನೀತಿಯೆನಿಸಲಾರದು.

ಆಡಳಿತ ನ್ಯಾಯಾಧೀಶರು ಡಿಸೆಂಬರಿನಲ್ಲಿ ಅಧಿಕಾರಿಯ ಪಕ್ಷವನ್ನು ಎತ್ತಿಹಿಡಿದರು. 2012ರ ಜನವರಿ 10ರಂದು, ಅನುದಾನ ಕೈತಪ್ಪುವ ಭಯದಲ್ಲಿ, ಜಿಲ್ಲೆಯ ಆಡಳಿತಮಂಡಲಿಯು ನಾಲ್ಕಕ್ಕೆ ಒಂದು ಮತದಿಂದ ಪಾಠಕ್ರಮವನ್ನು ನಿಲ್ಲಿಸಿತು. ಪಾವ್ಲೋ ಫ್ರೇರೆಯವರ ದಮನಿತರ ಶಿಕ್ಷಣಶಾಸ್ತ್ರವನ್ನು ಕುರಿತ ಗ್ರಂಥವೂ ರೊಡೊಲ್ಫೋ ಅಕುನ್ಯಾ ಅವರ ಚಿಕಾನೋ ಅಂದರೆ ಮೆಕ್ಸಿಕನ್-ಅಮೆರಿಕನ್ನರ ಇತಿಹಾಸವೂ ಸೇರಿ ಏಳು ಪುಸ್ತಕಗಳನ್ನು ತರಗತಿಗಳಿಂದ ಪೆಟ್ಟಿಗೆಗಳಲ್ಲಿ ತುಂಬಿ ಉಗ್ರಾಣಕ್ಕೆ ಒಯ್ದರು. ಗ್ರಂಥಾಲಯದಲ್ಲಿ ಅವು ದೊರೆಯುತ್ತವೆ, ಆದುದರಿಂದ ಇದು ನಿಷೇಧವಲ್ಲ ಎಂದು ಜಿಲ್ಲೆಯು ಸಮಾಧಾನ ಹೇಳಿತು. ಆ ಮಾತು ಅಕ್ಷರಶಃ ಸತ್ಯವೇ. ಆದರೆ ತಾನು ಓದುತ್ತಿದ್ದ ಪುಸ್ತಕವು ಪೆಟ್ಟಿಗೆಯೊಳಕ್ಕೆ ಇಳಿಯುವುದನ್ನು ಕಂಡ ಮಗುವಿಗೆ ಆ ಸೂಕ್ಷ್ಮಭೇದವನ್ನು ಯಾರು ತಿಳಿಯಹೇಳಬಲ್ಲರು?

ನ್ಯಾಯಾಲಯದ ವೃತ್ತಾಂತವನ್ನು ಸಂಕ್ಷೇಪಿಸಬಹುದು. ಉಪಾಧ್ಯಾಯರೂ ವಿದ್ಯಾರ್ಥಿಗಳೂ 2010ರಲ್ಲಿ ಹೂಡಿದ ದಾವೆಯು ನ್ಯಾಯಮೂರ್ತಿ ಎ. ವಾಲೇಸ್ ತಶಿಮಾ ಅವರ ಮುಂದೆ ಬಂದಿತು. ಜಪಾನಿ ಮೂಲದ ತಶಿಮಾ ಅವರು ದ್ವಿತೀಯ ಮಹಾಯುದ್ಧದ ಕಾಲದಲ್ಲಿ ಬಾಲಕರಾಗಿದ್ದಾಗ ಕುಲದ ಒಂದೇ ಕಾರಣದಿಂದ ಕುಟುಂಬಸಮೇತ ಇದೇ ಅರಿಜೋನಾದ ಪೋಸ್ಟನ್ ಶಿಬಿರದಲ್ಲಿ ಬಂಧಿತರಾಗಿದ್ದವರು. ಅಂಥವರೇ 2013ರಲ್ಲಿ ಶಾಸನದ ಬಹುಭಾಗವನ್ನು ಸಿಂಧುವೆಂದು ಎತ್ತಿಹಿಡಿದರೆಂಬುದನ್ನು ಗಮನಿಸಬೇಕು. ತೀರ್ಪು ಜೀವನಚರಿತ್ರೆಯಿಂದ ಹುಟ್ಟಿತೆಂದು ಸುಲಭವಾಗಿ ಹೇಳುವವರಿಗೆ ಇದು ಉತ್ತರ. ಮೇಲ್ಮನವಿಯ ನ್ಯಾಯಾಲಯವು 2015ರಲ್ಲಿ ಒಂದೇ ಕುಲದ ವಿದ್ಯಾರ್ಥಿಗಳಿಗೆ ಸಂಬಂಧಿಸಿದ ವಿಧಿಯು ಅಸಿಂಧುವೆಂಬ ತಶಿಮಾ ಅವರ ತೀರ್ಮಾನವನ್ನು ಎತ್ತಿಹಿಡಿದು, ದುರುದ್ದೇಶದ ಪ್ರಶ್ನೆಯನ್ನು ಸಾಕ್ಷ್ಯಗಳಿಂದಲೇ ವಿಚಾರಿಸಬೇಕೆಂದು ಹಿಂದಿರುಗಿಸಿತು. ವಿಚಾರಣೆಯಲ್ಲಿ, ಹಪೆಂಥಾಲ್ ಅವರು ಅಧಿಕಾರದಲ್ಲಿದ್ದಾಗಲೇ ಕಲ್ಪಿತನಾಮಗಳಲ್ಲಿ ಅಂತರಜಾಲದಲ್ಲಿ ಬರೆದಿದ್ದ ಮಾತುಗಳೂ ಸಾಕ್ಷ್ಯವಾಗಿ ಬಂದವು. 2017ರ ಆಗಸ್ಟ್ 22ರಂದು ತಶಿಮಾ ಅವರು, ಶಾಸನದ ರಚನೆ ಮತ್ತು ಪ್ರಯೋಗಗಳೆರಡೂ ಜನಾಂಗದ್ವೇಷದಿಂದ ಪ್ರೇರಿತವಾಗಿದ್ದವೆಂದೂ ವಿದ್ಯಾರ್ಥಿಗಳ ಸಂವಿಧಾನದತ್ತ ಹಕ್ಕುಗಳಿಗೆ ಭಂಗ ಬಂದಿತೆಂದೂ ತೀರ್ಮಾನಿಸಿದರು. ಡಿಸೆಂಬರಿನಲ್ಲಿ ಶಾಸನದ ಪ್ರಯೋಗಕ್ಕೆ ಶಾಶ್ವತವಾದ ತಡೆಯಾಜ್ಞೆ ಹೊರಟಿತು.

ಇನ್ನು ಫಲದ ವಿಚಾರ. ಅರಿಜೋನಾ ವಿಶ್ವವಿದ್ಯಾನಿಲಯದ ನೋಲನ್ ಕಬ್ರೇರಾ ಮತ್ತು ಸಹೋದ್ಯೋಗಿಗಳು 2014ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಈ ಪಾಠಗಳಿಗೆ ಸೇರಿದವರು ಸೇರುವ ಮುನ್ನ ಓರಗೆಯವರಿಗಿಂತ ಕಡಿಮೆ ಅಂಕಗಳನ್ನು ಪಡೆದಿದ್ದವರಾದರೂ, ಸೇರಿದ ಮೇಲೆ ಸಂಸ್ಥಾನದ ಪರೀಕ್ಷೆಯಲ್ಲಿ ಉತ್ತೀರ್ಣರಾಗುವ ಮತ್ತು ಶಾಲೆಯನ್ನು ಪೂರೈಸುವ ಸಂಭವ ಅವರಲ್ಲಿ ಗಣನೀಯವಾಗಿ ಹೆಚ್ಚಾಗಿದ್ದಿತು. ಸ್ಯಾನ್ ಫ್ರಾನ್ಸಿಸ್ಕೋದ ಇಂಥದೇ ಪಾಠಕ್ರಮವನ್ನು ಕುರಿತು ಥಾಮಸ್ ಡೀ ಮತ್ತು ಎಮಿಲಿ ಪೆನ್ನರ್ 2017ರಲ್ಲಿ ಪ್ರಕಟಿಸಿದ ಅಧ್ಯಯನವು ಹಾಜರಿಯು ಶೇಕಡಾವಾರಿನಲ್ಲಿ 21 ಅಂಶಗಳಷ್ಟು ಏರಿತೆಂದು ಹೇಳಿತು. ಅದರ ಗಣನವಿಧಾನವನ್ನು ಆಮೇಲೆ ಬೇರೆ ವಿದ್ವಾಂಸರು ಪ್ರಶ್ನಿಸಿರುವುದರಿಂದ ಆ ಅಂಕಿಯ ಮೇಲೆ ಭಾರವನ್ನೆಲ್ಲ ಹೇರುವುದು ಸಲ್ಲದು. ಕ್ಯಾಲಿಫೋರ್ನಿಯಾದ ಶಿಕ್ಷಣಮಂಡಲಿಯು 2021ರ ಮಾರ್ಚಿನಲ್ಲಿ ಇಂಥ ಅಧ್ಯಯನಕ್ಕೆ ಮಾದರಿ ಪಾಠಕ್ರಮವನ್ನು ಅಂಗೀಕರಿಸಿತು. ಆ ಸಂಸ್ಥಾನದಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳೂ ಈ ತರಗತಿಗಳಲ್ಲಿ ಕೂರತಕ್ಕವರೇ. ವಾರಾಂತ್ಯದಲ್ಲಿ ಅಕ್ಷರಮಾಲೆಯನ್ನು ತಿದ್ದಿ ಸೋಮವಾರ ಶಾಲೆಗೆ ಹೋಗುವ ಆ ಮಗುವಿಗೆ, ಮನೆಯ ನುಡಿಯು ಶಾಲೆಯ ಬಾಗಿಲಲ್ಲಿ ಕಳಚಿಡಬೇಕಾದ ಪಾದರಕ್ಷೆಯೋ ಒಳಕ್ಕೆ ಒಯ್ಯಬಹುದಾದ ಬುತ್ತಿಯೋ ಎಂಬ ಪ್ರಶ್ನೆ ಟೂಸಾನಿನ ಮಗುವಿನಷ್ಟೇ ನಿಜವಾದುದು.

ನಮ್ಮ 'ವ್ಯಕ್ತಿ' ಶಬ್ದದಲ್ಲಿ ಈ ಪ್ರಶ್ನೆಗೆ ಬೆಳಕೊಂದುಂಟೆಂದು ನನಗೆ ತೋರುತ್ತದೆ. 'ಅಂಜ್' ಧಾತುವಿಗೆ 'ವಿ' ಉಪಸರ್ಗ ಸೇರಿ ಹುಟ್ಟಿದ ಈ ಪದದ ಮೂಲಾರ್ಥ ಪ್ರಕಟವಾಗುವುದು, ಮರೆಯಲ್ಲಿದ್ದುದು ಬೆಳಕಿಗೆ ಬರುವುದು ಎಂಬುದಾಗಿದೆ. ಅರಿಜೋನಾದ ಶಾಸನವು ವ್ಯಕ್ತಿಯೆಂದರೆ ಕುಲ, ನುಡಿ, ಊರುಗಳನ್ನು ಕಳೆದ ಮೇಲೆ ಉಳಿಯುವ ಶೇಷವೆಂದು ಭಾವಿಸಿತು. '1ಸಿ' ತರಗತಿಯ ಮಗುವನ್ನು ಯಾರೂ ವ್ಯಕ್ತಿಯೆಂದು ಕಂಡಿರಲಿಲ್ಲ. ಅದರ ಚುರುಕನ್ನಾಗಲಿ ಹೆಸರನ್ನಾಗಲಿ ವಿಚಾರಿಸದೆ ಕುಲವೊಂದರಿಂದಲೇ ಅದನ್ನು ಅಳೆದಿದ್ದರು. ಆ ಮಗುವಿನ ಮೊಮ್ಮಗಳು ಅದೇ ಊರಿನ ಶಾಲೆಯಲ್ಲಿ ಕುಳಿತು, ಅಜ್ಜಿಗೆ ಏನಾಯಿತೆಂಬುದನ್ನು ಪುಸ್ತಕದಲ್ಲಿ ಓದಿ ತಿಳಿಯಹೊರಟಾಗ, ಕುಲದ ಮಾತೇಕೆ, ನೀನು ವ್ಯಕ್ತಿಯಲ್ಲವೇ ಎಂದು ಅದೇ ಸಂಸ್ಥಾನವು ಕೇಳಿದುದು ಆಕೆಯನ್ನು ವ್ಯಕ್ತಪಡಿಸಲಿಲ್ಲ, ಅವ್ಯಕ್ತದಲ್ಲಿಯೇ ಉಳಿಸಿತು. ಆ ಪಾಠಗಳಲ್ಲಿ ದೋಷಗಳಿದ್ದವು, ನಿಜ. ಅವನ್ನು ತಿದ್ದುವ ಮಾರ್ಗವನ್ನು ಪರಿಶೀಲಕರೇ ತೋರಿಸಿದ್ದರು.

ತೀರ್ಪು ವಿಭಾಗವನ್ನು ಪುನಃ ಸ್ಥಾಪಿಸಲಿಲ್ಲ. ಪ್ರತ್ಯೇಕೀಕರಣದ ಹಳೆಯ ದಾವೆಯಲ್ಲಿ 2013ರಲ್ಲಿ ಅಂಗೀಕೃತವಾದ ಯೋಜನೆಯ ಮೇರೆಗೆ ಜಿಲ್ಲೆಯು ಸಂಸ್ಕೃತಿಸಂಬದ್ಧವೆಂಬ ಬೇರೆ ಹೆಸರಿನ ಪಾಠಗಳನ್ನು ಆರಂಭಿಸಿತು. ಉಗ್ರಾಣದ ಏಳು ಪುಸ್ತಕಗಳಿಗೂ ಅದೇ ವರ್ಷ ಮರಳಿ ಅನುಮತಿ ದೊರೆಯಿತು. ಟಾಮ್ ಹಾರ್ನ್ ಅವರು 2022ರ ಚುನಾವಣೆಯಲ್ಲಿ ಗೆದ್ದು 2023ರ ಜನವರಿಯಲ್ಲಿ ಅದೇ ಶಿಕ್ಷಣಾಧಿಕಾರಿಯ ಪೀಠವನ್ನು ಮತ್ತೆ ಏರಿದರು. ಪಾಠಗಳು ನಿಂತ ಆ ಜನವರಿಯಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದ ಮಕ್ಕಳಾದರೋ ಕ್ರಮದಂತೆ 2015ರಲ್ಲಿಯೇ ಶಾಲೆಯನ್ನು ಮುಗಿಸಿ ಹೊರಟುಹೋಗಿದ್ದರು. ಅವರ ಹಕ್ಕಿಗೆ ಭಂಗ ಬಂದಿತ್ತೆಂದು ನ್ಯಾಯಾಲಯವು ಸಾರಿದಾಗ ಆ ಹಕ್ಕನ್ನು ಅನುಭವಿಸಬೇಕಾಗಿದ್ದ ತರಗತಿಯಲ್ಲಿ ಅವರಾರೂ ಇರಲಿಲ್ಲ.