ಎರಿ ಹೊಲದ ನೀರಿನ ಲೆಕ್ಕ

ಕಲಘಟಗಿಯಿಂದ ಹುಬ್ಬಳ್ಳಿ ದಾಟಿ ನವಲಗುಂದದ ಕಡೆಗೆ ಹೊರಟರೆ ಒಂದೇ ಜಿಲ್ಲೆಯೊಳಗೆ ಎರಡು ನಾಡುಗಳು ಕಾಣುತ್ತವೆ. ಪಶ್ಚಿಮಕ್ಕೆ ಮಲೆನಾಡಿನ ಸೆರಗು: ಕೆಂಪು ಮಣ್ಣು, ಭತ್ತದ ಗದ್ದೆ, ಹೆಜ್ಜೆಗೊಂದು ಕೆರೆ. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿಗಳ ಎರಿ ಭೂಮಿ. ಇಲ್ಲಿ ಕಣ್ಣು ಹಾಯುವಷ್ಟು ದೂರ ಗಿಡವಿಲ್ಲ, ಕಲ್ಲಿಲ್ಲ. ಅನೇಕ ಹಳ್ಳಿಗಳಲ್ಲಿ ಬಾವಿ ತೋಡಿದರೆ ಸಿಗುವುದು ಉಪ್ಪು ನೀರು. ಆದ್ದರಿಂದಲೇ ಕುಡಿಯಲಿಕ್ಕೆ ಕೆರೆ, ಬೆಳೆಗೆ ಮಳೆ ಎಂಬುದು ಇಲ್ಲಿಯವರ ಹಳೆಯ ಏರ್ಪಾಡು.

ಈ ಮಣ್ಣಿನ ಸ್ವಭಾವವನ್ನು ತಿಳಿಯದೆ ಇಲ್ಲಿಯ ಇತಿಹಾಸ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಅದು ಕಾಲು ಸಿಕ್ಕಿಕೊಳ್ಳುವಷ್ಟು ಅಗಲವಾಗಿ ಬಿರಿಯುತ್ತದೆ. ಮೊದಲ ಮಳೆ ಆ ಬಿರುಕಿನಲ್ಲಿ ಇಳಿದು ಹೋಗುತ್ತದೆ. ಒಮ್ಮೆ ತೊಯ್ದು ಉಬ್ಬಿತೆಂದರೆ ಬಿರುಕು ಮುಚ್ಚಿ, ಮುಂದಿನ ಮಳೆ ಒಳಗಿಳಿಯದೆ ಮೇಲಿಂದ ಹರಿದು ಹೋಗುತ್ತದೆ, ಹೋಗುವಾಗ ಮೇಲ್ಮಣ್ಣನ್ನೂ ಒಯ್ಯುತ್ತದೆ. ಆದರೆ ಒಳಗಿಳಿದ ನೀರನ್ನು ಈ ಮಣ್ಣು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಒಂದು ಮೀಟರ್ ಆಳದ ಎರಿಯಲ್ಲಿ ಬೆಳೆಗೆ ದಕ್ಕುವ ನೀರೇ ಸುಮಾರು 15ರಿಂದ 20 ಸೆಂ.ಮೀ. ಮಳೆಗೆ ಸಮ. ಹಿಂಗಾರಿ ಜೋಳ, ಕಡಲೆ, ಕುಸುಬಿ ಚಳಿಗಾಲದ ಇಬ್ಬನಿಯಲ್ಲಿ ಮಳೆಯಿಲ್ಲದೆ ಬೆಳೆಯುವುದು ಈ ಉಳಿತಾಯದ ಮೇಲೆ.

ರೈತರು ಇದನ್ನು ಪುಸ್ತಕ ಓದಿ ಕಲಿತವರಲ್ಲ. ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕುವುದು, ಮಳೆಗಾಲದಲ್ಲಿ ಮತ್ತೆ ಮತ್ತೆ ಕುಂಟಿ ಹೊಡೆಯುವುದು, ಪೈರಿನ ಸಾಲಿನ ನಡುವೆ ಎಡೆ ಹೊಡೆದು ಬಿರುಕು ಮುಚ್ಚುವುದು, ಸುಗ್ಗಿ ಮುಗಿದ ಹೊಲದಲ್ಲಿ ಕುರಿ ನಿಲ್ಲಿಸಿ ಕುರಿಗಾರನಿಗೆ ಕಾಳು ಕೊಡುವುದು, ಇವೆಲ್ಲ ಮನೆತನದಿಂದ ಮನೆತನಕ್ಕೆ ಬಂದ ಜ್ಞಾನ. ಆದರೆ ಒಡ್ಡು ಹಾಕಿದ ಫಲ ಕಾಣಲು ವರ್ಷಗಳೇ ಬೇಕು. ಒಂದು ವರ್ಷದ ಲಾವಣಿಗೆ ಹೊಲ ಹಿಡಿದವನು ಮತ್ತೊಬ್ಬನ ನೆಲಕ್ಕೆ ಯಾಕೆ ಮಣ್ಣು ಹೊತ್ತಾನು?

ಕಂಪನಿ ಸರಕಾರದ ಕಣ್ಣು ಮಣ್ಣಿಗಿಂತ ಹತ್ತಿಯ ಮೇಲಿತ್ತು. 1840ರ ದಶಕದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜ ತರಿಸಿ ಹುಬ್ಬಳ್ಳಿ ಬಳಿಯ ಕುಸುಗಲ್ಲಿನಲ್ಲಿ ಬೆಳೆಸಿ ನೋಡಿದರು. 'ಧಾರವಾಡ-ಅಮೆರಿಕನ್' ಎಂಬ ಹೆಸರು ಹುಟ್ಟಿದ್ದು ಹೀಗೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಅಂದರೆ 1861ರಿಂದ 1865ರವರೆಗೆ, ಹತ್ತಿಯ ಬೆಲೆ ಗಗನಕ್ಕೇರಿತು. ಯುದ್ಧ ಮುಗಿದೊಡನೆ ಇಳಿಯಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ 1876-78ರ ಭೀಕರ ಬರ ಬಂತು. (ನವಲಗುಂದದ ಹೆಸರಾಂತ ಜಮಖಾನೆಯೂ ಹತ್ತಿ ನೂಲಿನದೇ. ಅದನ್ನು ನೇಯ್ದ ಮುಸ್ಲಿಂ ಹೆಣ್ಣುಮಕ್ಕಳ ಕತೆ ಬೇರೆಯೇ ಲೇಖನಕ್ಕೆ ವಸ್ತು.)

ಒಣಬೇಸಾಯವನ್ನು ಸರಕಾರ ಗಂಭೀರವಾಗಿ ತೆಗೆದುಕೊಂಡದ್ದು ಬಹಳ ತಡವಾಗಿ. 1930ರ ದಶಕದಲ್ಲಿ ಸೊಲ್ಲಾಪುರ, ಬಿಜಾಪುರ, ಹಗರಿ, ರಾಯಚೂರು, ರೋಹ್ಟಕ್‌ಗಳಲ್ಲಿ ಸಂಶೋಧನಾ ಕೇಂದ್ರಗಳು ತೆರೆದವು. ಸೊಲ್ಲಾಪುರದಲ್ಲಿ ಎನ್.ವಿ. ಕಾನಿಟ್ಕರ್ ಮತ್ತು ಸಂಗಡಿಗರು ರೂಪಿಸಿದ 'ಮುಂಬಯಿ ಒಣಬೇಸಾಯ ಪದ್ಧತಿ'ಯಲ್ಲಿದ್ದದ್ದೇನು? ಒಡ್ಡು, ಕೊಟ್ಟಿಗೆ ಗೊಬ್ಬರ, ಕೆಲವು ವರ್ಷಗಳಿಗೊಮ್ಮೆ ಆಳದ ಉಳುಮೆ, ಕಡಿಮೆ ಬೀಜ, ಅಗಲ ಸಾಲು, ಮೇಲಿಂದ ಮೇಲೆ ಎಡೆ. ರೈತನಿಗೆ ಗೊತ್ತಿದ್ದದ್ದನ್ನೇ ಅಳತೆ ಮಾಡಿ, ತಿದ್ದಿ ಹೇಳಿದರು ಎನ್ನಬಹುದು. 1942ರ ಮುಂಬಯಿ ಭೂ ಸುಧಾರಣಾ ಯೋಜನೆಗಳ ಕಾಯಿದೆಯ ನಂತರ ಸಮಪಾತಳಿ ಒಡ್ಡುಗಳು ಊರೂರಿಗೆ ಬಂದವು. ಆದರೆ ಆಳವಾದ ಎರಿಯಲ್ಲಿ ಅವು ಎಲ್ಲ ಕಡೆ ನಿಲ್ಲಲಿಲ್ಲ. ಒಡ್ಡಿನ ಹಿಂದೆ ನೀರು ನಿಂತು ಬೆಳೆ ಕೊಳೆಯಿತು, ಬಿರುಕು ಬಿಟ್ಟ ಒಡ್ಡು ಮಳೆಗೆ ಒಡೆಯಿತು. ಇಂಥ ನೆಲಕ್ಕೆ ನೀರನ್ನು ಪೂರ್ತಿ ತಡೆಯುವುದಕ್ಕಿಂತ ಸಣ್ಣ ಇಳಿಜಾರು ಕೊಟ್ಟು ನಿಧಾನವಾಗಿ ಹೊರಬಿಡುವ ಒಡ್ಡೇ ಲೇಸೆಂದು ತಜ್ಞರು ಮುಂದೆ ಒಪ್ಪಿಕೊಂಡರು.

ಅಷ್ಟರಲ್ಲಿ ಎಲ್ಲರ ಆಸೆ ಕಾಲುವೆಯ ಕಡೆ ತಿರುಗಿತ್ತು. ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ 1970ರ ದಶಕದಲ್ಲಿ ನವಲಗುಂದ, ನರಗುಂದಗಳ ಹೊಲಕ್ಕೆ ನೀರು ಬಿಟ್ಟರು. ನೀರಿನ ಹಿಂದೆಯೇ ಅಭಿವೃದ್ಧಿ ಕರದ ನೋಟೀಸೂ ಬಂತು. ನೀರು ಮುಟ್ಟದ ಹೊಲಕ್ಕೂ ಕರ, ಮುಟ್ಟಿ ಕೆಟ್ಟ ಹೊಲಕ್ಕೂ ಕರ ಎಂಬುದು ರೈತರ ದೂರು. 1980ರ ಜುಲೈ 21ರಂದು ಎರಡೂ ಊರುಗಳಲ್ಲಿ ಗೋಲಿಬಾರು ನಡೆದು ರೈತರು ಸತ್ತರು. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. ಈ ಬಂಡಾಯವನ್ನು ನಾವು ಕರದ ವಿರುದ್ಧದ ಹೋರಾಟವೆಂದಷ್ಟೇ ನೆನೆಯುತ್ತೇವೆ. ಮಣ್ಣಿನ ಪ್ರಶ್ನೆಯೂ ಅದರಲ್ಲಿತ್ತು. ನೀರು ಬೇಗ ಬಸಿಯದ ಎರಿಗೆ ಬಸಿಗಾಲುವೆಯಿಲ್ಲದೆ ನೀರು ಹಾಯಿಸಿದರೆ, ಆಳದಲ್ಲಿದ್ದ ಉಪ್ಪು ನೀರಿನೊಂದಿಗೆ ಮೇಲೇರಿ ಹೊಲ ಸವಳು-ಜವಳಾಗುತ್ತದೆ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ಇದು ನಡೆಯಿತು. ಕಾಲುವೆ ಬಂದದ್ದು ತಪ್ಪೆಂದು ಹೇಳಲಾರೆ. ಆದರೆ ತರುವವರು ನೀರಿನ ಹಾದಿ ನೋಡಿದಷ್ಟು ನೆಲದ ಗುಣ ನೋಡಲಿಲ್ಲ.

ಕಾಲುವೆಯ ಕೊನೆಯ ಹಳ್ಳಿಗಳಿಗೆ ಇಂದಿಗೂ ನೀರು ನಂಬಿಕೆಯದಲ್ಲ. ಆದ್ದರಿಂದಲೇ ಮಹದಾಯಿ ನೀರಿಗಾಗಿ ದಶಕಗಳ ಚಳವಳಿ. 2018ರ ಆಗಸ್ಟ್‌ನಲ್ಲಿ ನ್ಯಾಯಾಧಿಕರಣ ಕಳಸಾ-ಬಂಡೂರಿ ತಿರುವಿಗೆ 3.9 ಟಿಎಂಸಿ ಅಡಿ ಹಂಚಿತು. ಇತ್ತ ಕುಂದಗೋಳ, ನವಲಗುಂದಗಳ ಹೊಲಗಳಿಗೆ ಬಿದ್ದ ಮಳೆಯನ್ನು ಮಣ್ಣಿನ ಸಮೇತ ಹೊತ್ತು ಬೆಣ್ಣಿಹಳ್ಳ ಪ್ರತಿ ದೊಡ್ಡ ಮಳೆಗೂ ಉಕ್ಕಿ ಮಲಪ್ರಭೆಗೆ ಸೇರುತ್ತದೆ.

ಈ ಹರಿದು ಹೋಗುವ ನೀರನ್ನು ಹೊಲದಲ್ಲಿಯೇ ಹಿಡಿಯುವ ಯತ್ನವೇ ಕೃಷಿ ಹೊಂಡ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆ ಅದಕ್ಕೆ ಸಹಾಯಧನ ಕೊಟ್ಟಿತು. ಕೆಂಪು ಮಣ್ಣಿನ ಹೊಂಡಕ್ಕೆ ಪ್ಲಾಸ್ಟಿಕ್ ಹೊದಿಕೆ ಬೇಕು. ಆಳವಾದ ಎರಿಗೆ ಸಾಮಾನ್ಯವಾಗಿ ಬೇಕಿಲ್ಲ, ತೊಯ್ದ ಜೇಡಿ ತಾನೇ ಮುಚ್ಚಿಕೊಳ್ಳುತ್ತದೆ. 100 ಅಡಿ ಚೌಕದ, 10 ಅಡಿ ಆಳದ ಹೊಂಡ, ಬದಿಗಳ ಇಳಿಜಾರು ಕಳೆದರೂ, 20 ಲಕ್ಷ ಲೀಟರಿಗೂ ಮಿಕ್ಕಿ ಹಿಡಿಯುತ್ತದೆ. ಒಂದು ಎಕರೆಗೆ 5 ಸೆಂ.ಮೀ. ನೀರು ಹಾಯಿಸಲು ಸುಮಾರು 2 ಲಕ್ಷ ಲೀಟರ್ ಸಾಕು. ಆವಿಯಾಗುವುದನ್ನು ಬಿಟ್ಟರೂ, ಕಡಲೆ ಹೂವಿಗೆ ಬಂದಾಗ ನಾಲ್ಕೈದು ಎಕರೆಗೆ ಒಂದು ನೀರು ಖಂಡಿತ.

ತೊಡಕು ಇರುವುದು ಸಣ್ಣ ಹಿಡುವಳಿದಾರನಿಗೆ. ಅಂಥ ಹೊಂಡ ಒಂಬತ್ತು ಗುಂಟೆ ನುಂಗುತ್ತದೆ, ತೋಡಿದ ಮಣ್ಣಿಗೆ ಮತ್ತಷ್ಟು ಜಾಗ ಬೇಕು. ಹತ್ತು ಎಕರೆಯವನಿಗೆ ಅದು ಲೆಕ್ಕಕ್ಕಿಲ್ಲ. ಎರಡು ಎಕರೆಯವನಿಗೆ ಒಂದು ತಿಂಗಳ ಜೋಳ. ಲಾವಣಿದಾರನಿಗಂತೂ ತೋಡುವ ಹಕ್ಕೇ ಇಲ್ಲ. ಸಣ್ಣವರಿಗೆ ಸಣ್ಣ ಅಳತೆಯ ಹೊಂಡ, ಇಬ್ಬರು ಮೂವರ ಬದುವಿನಲ್ಲಿ ಕೂಡುಹೊಂಡ ಇವಕ್ಕೆ ಯೋಜನೆಗಳು ಮೊದಲ ಜಾಗ ಕೊಡಬೇಕು. ನೀರು ಒಳಬರುವ ಕಡೆ ಹೂಳು ತಡೆಯುವ ಸಣ್ಣ ಗುಂಡಿಯೂ ಇರಬೇಕು, ಇಲ್ಲವಾದರೆ ಕೆಲವೇ ವರ್ಷಗಳಲ್ಲಿ ಹೊಂಡ ತುಂಬಿಕೊಳ್ಳುತ್ತದೆ. ಆ ಹೂಳು ಹೊಲದಿಂದಲೇ ಕೊಚ್ಚಿಬಂದ ಮೇಲ್ಮಣ್ಣು. ಬೇಸಿಗೆಯಲ್ಲಿ ನೀರು ಆರಿದ ಮೇಲೆ ಅದನ್ನು ತೆಗೆದು, ಗಾಡಿಯಲ್ಲಿ ಹೇರಿ, ತಿಪ್ಪೆ ಗೊಬ್ಬರದ ಜೊತೆ ಮತ್ತೆ ಹೊಲಕ್ಕೆ ಹರಡಬಹುದು.